ವಾದದಲ್ಲಿ ಗೆದ್ದರೂ ಎದುರಿನವರು ಯಾಕೆ ಬದಲಾಗುವುದಿಲ್ಲ?

ಹುಟ್ಟುಗುಣ ಸುಟ್ಟರೂ ಹೋಗದು ಅಂತ ಗಾದೆ ಇದೆ. ಯಾರ ಜೊತೆಗಾದರೂ ಹೊಂದಾಣಿಕೆ ಆಗದೇ ಹೋದಾಗ ನಾವು ಈ ಗಾದೆ ಹೇಳಿ ಕೈತೊಳೆದುಕೊಳ್ಳುತ್ತೇವೆ. ನನಗೆ ಈ ಮಾತು ಒಪ್ಪಿಗೆ ಇಲ್ಲ. ಜನ ಬದಲಾಗುತ್ತಾರೆ. ಎಷ್ಟೋ ವರ್ಷ ಹೊತ್ತು ತಿರುಗಿದ ದ್ವೇಷವನ್ನೂ ಕೆಳಗಿಳಿಸುತ್ತಾರೆ. ಆದರೆ ನಾವು ಅಂದುಕೊಂಡ ದಾರಿಯಲ್ಲಿ ಅಲ್ಲ.

ನಾವು ಸಾಮಾನ್ಯವಾಗಿ ಹೀಗೆ ಅಂದುಕೊಂಡಿರುತ್ತೇವೆ: ಸರಿಯಾದ ಮಾಹಿತಿ ಕೊಟ್ಟರೆ ಸಾಕು. ತಪ್ಪನ್ನು ಎತ್ತಿ ತೋರಿಸಿದರೆ ಸಾಕು. ಬುದ್ಧಿ ಇರುವ ಯಾರಾದರೂ ಅರ್ಥ ಮಾಡಿಕೊಳ್ಳಬೇಕು, ಅಲ್ವಾ? ಆದರೆ ಹಾಗೆ ಆಗುವುದು ಬಹಳ ಅಪರೂಪ. ಯಾಕೆ ಆಗುವುದಿಲ್ಲ, ಏನು ಮಾಡಿದರೆ ಆಗುತ್ತದೆ ಅನ್ನುವುದನ್ನು ಮನಶ್ಶಾಸ್ತ್ರಜ್ಞರು ಎಪ್ಪತ್ತು ವರ್ಷಗಳಿಂದ ಹುಡುಕುತ್ತಿದ್ದಾರೆ. ಅವರು ಕಂಡುಕೊಂಡದ್ದರಲ್ಲಿ ಕೆಲವು ಸಂಗತಿಗಳು ನಮ್ಮೆಲ್ಲರಿಗೂ ಗೊತ್ತಿರಲೇಬೇಕು ಅಂತ ನನಗೆ ಅನಿಸುತ್ತದೆ.

ಮೊದಲನೆಯದು, 'ನಮ್ಮವರು' ಮತ್ತು 'ಅವರು' ಅಂತ ಗೆರೆ ಎಳೆಯಲು ನಮಗೆ ದೊಡ್ಡ ಕಾರಣವೇ ಬೇಕಿಲ್ಲ. ಇದನ್ನು ತೋರಿಸಿಕೊಟ್ಟವರು ಹೆನ್ರಿ ತಾಜ್‌ಫೆಲ್. ಪೋಲೆಂಡಿನಲ್ಲಿ ಹುಟ್ಟಿದ ಯೆಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆಯಲ್ಲಿದ್ದು, ಜರ್ಮನರ ಕೈಗೆ ಸಿಕ್ಕಿ, ವರ್ಷಗಟ್ಟಲೆ ಯುದ್ಧಕೈದಿಯಾಗಿದ್ದವರು. ಬಿಡುಗಡೆಯಾಗಿ ಬಂದಾಗ ಅವರ ಮನೆಯವರಲ್ಲಿ ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ. ಸಾಮಾನ್ಯ ಜನ ಇನ್ನೊಂದು ಗುಂಪಿನವರನ್ನು ಮನುಷ್ಯರೇ ಅಲ್ಲ ಅನ್ನುವ ಮಟ್ಟಕ್ಕೆ ಹೇಗೆ ಹೋಗುತ್ತಾರೆ ಅನ್ನುವುದು ಅವರಿಗೆ ಬರೀ ಓದಿನ ವಿಷಯ ಆಗಿರಲಿಲ್ಲ.

1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅವರು 14-15 ವರ್ಷದ ಹುಡುಗರ ಜೊತೆ ಒಂದು ಪ್ರಯೋಗ ಮಾಡಿದರು. ಹುಡುಗರಿಗೆ ಎರಡೆರಡು ಚಿತ್ರ ತೋರಿಸಿ, ಯಾವುದು ಇಷ್ಟ ಅಂತ ಕೇಳಿದರು. ಚಿತ್ರ ಬರೆದವರು ಪಾಲ್ ಕ್ಲೇ ಮತ್ತು ಕ್ಯಾಂಡಿನ್‌ಸ್ಕಿ. ಆಮೇಲೆ ನೀನು ಕ್ಲೇ ಗುಂಪು, ನೀನು ಕ್ಯಾಂಡಿನ್‌ಸ್ಕಿ ಗುಂಪು ಅಂತ ಹೇಳಿದರು. ನಿಜಕ್ಕೂ ಈ ವಿಂಗಡಣೆಗೂ ಅವರ ಇಷ್ಟಕ್ಕೂ ಸಂಬಂಧವೇ ಇರಲಿಲ್ಲ, ಸುಮ್ನೆ ಚೀಟಿ ಎತ್ತಿದ ಹಾಗೆ ಹಂಚಿದ್ದರು. ತನ್ನ ಗುಂಪಿನಲ್ಲಿ ಯಾರಿದ್ದಾರೆ ಅಂತಲೂ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಪ್ರತಿಯೊಬ್ಬ ಹುಡುಗನೂ ಬೇರೆ ಇಬ್ಬರಿಗೆ ಸ್ವಲ್ಪ ದುಡ್ಡು ಹಂಚಬೇಕಿತ್ತು. ಅವರ ಹೆಸರು ಕಾಣುವುದಿಲ್ಲ, ಯಾವ ಗುಂಪು ಅನ್ನುವುದು ಮಾತ್ರ ಕಾಣುತ್ತದೆ.

ಹುಡುಗರು ತಮ್ಮ ಗುಂಪಿನವರ ಕಡೆಗೇ ವಾಲಿದರು. ಅದೇನೋ ಆಶ್ಚರ್ಯ ಅಲ್ಲ. ಆಶ್ಚರ್ಯ ಬೇರೆ ಕಡೆ ಇದೆ. ತಮ್ಮವರಿಗೆ ಜಾಸ್ತಿ ಸಿಗುವ ದಾರಿ ಎದುರಿಗೇ ಇದ್ದಾಗಲೂ, ಎಷ್ಟೋ ಸಲ ಅವರು ತಮ್ಮವರಿಗೆ ಸ್ವಲ್ಪ ಕಡಿಮೆಯೇ ಸಿಗಲಿ, ಆ ಗುಂಪಿಗಿಂತ ಜಾಸ್ತಿ ಸಿಕ್ಕರೆ ಸಾಕು ಅನ್ನುವ ಲೆಕ್ಕವನ್ನೇ ಆರಿಸಿಕೊಂಡರು. ಜಗಳ ಇಲ್ಲ, ಹಳೆಯ ವೈರ ಇಲ್ಲ, ಮುಖ ಪರಿಚಯವೂ ಇಲ್ಲ. ಒಂದು ಹೆಸರು ಅಂಟಿಸಿದ್ದಷ್ಟೇ.

ಹಾಗಾದರೆ ಭಾಷೆ, ಧರ್ಮ, ಬಣ್ಣ, ಯಾರನ್ನು ಪ್ರೀತಿಸುತ್ತೇವೆ, ಹೇಗೆ ಬದುಕುತ್ತೇವೆ ಅನ್ನುವ ಗೆರೆಗಳು ಎಷ್ಟು ಆಳಕ್ಕೆ ಇಳಿದಿರಬೇಡ! ಅವುಗಳ ಹಿಂದೆ ಮನೆತನ ಇದೆ, ಹಬ್ಬ ಇದೆ, ನೋವು ಇದೆ, ಅಜ್ಜ-ಅಜ್ಜಿ ಹೇಳಿದ ಮಾತಿದೆ. ಒಂದು ಅಭಿಪ್ರಾಯ ಬಿಡು ಅಂತ ನಾವು ಒಬ್ಬರಿಗೆ ಸಲೀಸಾಗಿ ಹೇಳುತ್ತೇವೆ. ಅವರ ಕಿವಿಗೆ ಅದು 'ನಿನ್ನವರನ್ನು ಬಿಡು' ಅಂತ ಕೇಳಿಸುತ್ತದೆ. ಎಷ್ಟೋ ಸಲ ಅದು ನಿಜವೂ ಹೌದು. ಅಭಿಪ್ರಾಯ ಬದಲಿಸಿದವನಿಗೆ ನಾಳೆ ಊಟಕ್ಕೆ ಜೊತೆ ಕೂರುವವರು ಇರುವುದಿಲ್ಲ. ಈ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದೆ 'ಇಷ್ಟೂ ಅರ್ಥ ಆಗಲ್ವಾ ಇವರಿಗೆ' ಅನ್ನುವುದು ನ್ಯಾಯ ಅಲ್ಲ.

ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ಒತ್ತಾಯ ಮಾಡಿದರೆ ಮನಸ್ಸು ತಿರುಗಿ ಬೀಳುತ್ತದೆ. ನನ್ನ ಆಯ್ಕೆಯನ್ನು ಯಾರೋ ಕಿತ್ತುಕೊಳ್ಳುತ್ತಿದ್ದಾರೆ ಅನಿಸಿದ ಕೂಡಲೇ ನಾನು ಅದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಕುಡಿತ ಬಿಡಿಸುವ ಚಿಕಿತ್ಸೆಯಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ಅಮೆರಿಕದ ವಿಲಿಯಂ ಮಿಲ್ಲರ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಲಹೆಗಾರರು ಎಷ್ಟು ಜಾಸ್ತಿ ಎದುರುಬಿದ್ದು ವಾದ ಮಾಡಿದ್ದರೋ, ಒಂದು ವರ್ಷ ಬಿಟ್ಟು ನೋಡಿದಾಗ ಅವರ ಎದುರು ಕೂತವರು ಅಷ್ಟು ಜಾಸ್ತಿ ಕುಡಿಯುತ್ತಿದ್ದರು. ಮಿಲ್ಲರ್ ಕಟ್ಟಿದ ಪದ್ಧತಿ ಇದರ ತದ್ವಿರುದ್ಧ. ಸಲಹೆಗಾರ ಕಡಿಮೆ ಮಾತಾಡಬೇಕು. ಬದಲಾಗಬೇಕು ಅನ್ನುವ ಮಾತು ಕುಡಿಯುವವರ ಬಾಯಿಂದಲೇ ಬರುವ ಹಾಗೆ ಕೇಳಬೇಕು. ನಾವೆಲ್ಲರೂ ಹಾಗೇ ಅಲ್ವಾ? ಬೇರೆಯವರು ಹೇಳಿದ್ದಕ್ಕಿಂತ ನಾವೇ ಆಡಿದ ಮಾತನ್ನು ಜಾಸ್ತಿ ನಂಬುತ್ತೇವೆ.

ಬಾಗಿಲಲ್ಲಿ ಹತ್ತು ನಿಮಿಷ

ಹಾಗಾದರೆ ಪೂರ್ವಗ್ರಹವನ್ನು ಮಾತಿನಿಂದ ಕಡಿಮೆ ಮಾಡಲು ಆಗುವುದೇ ಇಲ್ಲವಾ? ಆಗುತ್ತದೆ. ಅದು ಗೊತ್ತಾದ ಕಥೆ ಸ್ವಲ್ಪ ವಿಚಿತ್ರವಾಗಿದೆ.

2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಲಿಂಗ ಮದುವೆಗೆ ತಡೆ ಹಾಕುವ ಪ್ರಸ್ತಾಪ ಜನಮತದಲ್ಲಿ ಗೆದ್ದಿತು. ಸೋತ ಕಡೆಯವರಲ್ಲಿ ಲಾಸ್ ಏಂಜಲೀಸ್‌ನ ಎಲ್‌ಜಿಬಿಟಿ ಸೆಂಟರ್‌ನವರು, ಅಂದರೆ ಸಲಿಂಗಿಗಳ ಮತ್ತು ಲಿಂಗತ್ವ ಅಲ್ಪಸಂಖ್ಯಾತರ ಸಂಸ್ಥೆಯವರು, ಒಂದು ಕೆಲಸ ಶುರು ಮಾಡಿದರು. ತಮ್ಮ ವಿರುದ್ಧ ಮತ ಹಾಕಿದವರ ಮನೆಗೇ ಹೋಗಿ, ಯಾಕೆ ಹಾಗೆ ಮಾಡಿದಿರಿ ಅಂತ ಕೇಳಿದರು. ಜಗಳಕ್ಕಲ್ಲ, ನಿಜಕ್ಕೂ ತಿಳಿದುಕೊಳ್ಳುವುದಕ್ಕೆ. ಹೀಗೆ ಸಾವಿರಾರು ಮನೆಗಳ ಬಾಗಿಲಲ್ಲಿ ಮಾತಾಡುತ್ತ ಅವರು ಒಂದು ವಿಧಾನ ಕಂಡುಕೊಂಡರು.

2014ರಲ್ಲಿ ಈ ವಿಧಾನ ಕೆಲಸ ಮಾಡುತ್ತದೆ ಅಂತ ಹೇಳುವ ಒಂದು ಸಂಶೋಧನೆ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಜಗತ್ತೆಲ್ಲ ಸುದ್ದಿಯಾಯಿತು. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಎಂಬ ಇಬ್ಬರು ಯುವ ಸಂಶೋಧಕರು ಅದನ್ನೇ ಮುಂದುವರಿಸಲು ಹೊರಟಾಗ ಲೆಕ್ಕ ಕೂಡಿಬರಲಿಲ್ಲ. ಕೆದಕಿದರೆ ಆ ಅಂಕಿ-ಅಂಶ ನಂಬುವ ಹಾಗೇ ಇರಲಿಲ್ಲ. 2015ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು. ಅಲ್ಲಿಗೆ ಎಲ್ಲ ಮುಗಿಯಿತು ಅಂತ ಯಾರಾದರೂ ಅಂದುಕೊಳ್ಳಬಹುದಿತ್ತು. ಆದರೆ ಅವರಿಬ್ಬರು ತಮ್ಮದೇ ಪ್ರಯೋಗ ಮುಗಿಸಿದರು, ಈ ಸಲ ಮಯಾಮಿಯಲ್ಲಿ, ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಜನರಿಗಿದ್ದ ಭಾವನೆಯ ಮೇಲೆ. 2016ರಲ್ಲಿ ಅದೇ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಬಾಗಿಲಲ್ಲಿ ನಿಂತು ಸುಮಾರು ಹತ್ತು ನಿಮಿಷ ಮಾತಾಡಿದ್ದರಿಂದ ಪೂರ್ವಗ್ರಹ ಕಡಿಮೆಯಾಗಿತ್ತು. ಮೂರು ತಿಂಗಳ ನಂತರ ಕೇಳಿದಾಗಲೂ ಆ ಬದಲಾವಣೆ ಉಳಿದಿತ್ತು. ಮಾತಾಡಿಸಿದವರು ಸ್ವತಃ ಆ ಸಮುದಾಯದವರಾಗಿದ್ದರೂ ಸರಿ, ಅಲ್ಲದಿದ್ದರೂ ಸರಿ, ಪರಿಣಾಮ ಕಂಡಿತ್ತು.

ಆ ಹತ್ತು ನಿಮಿಷದಲ್ಲಿ ಆಗುವುದೇನು? ಕದ ತಟ್ಟಿದವರು ಮೊದಲು ನಿಮ್ಮ ಅಭಿಪ್ರಾಯ ಕೇಳುತ್ತಾರೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ರಕ್ಷಣೆ ಕೊಡುವ ಕಾನೂನು ಬೇಕಾ, ಬೇಡ್ವಾ, ಎಷ್ಟರ ಮಟ್ಟಿಗೆ? ನೀವು ಬೇಡ ಅಂದರೂ ಅವರ ಮುಖ ಗಂಟಾಗುವುದಿಲ್ಲ. ಯಾಕೆ ಹಾಗನಿಸುತ್ತದೆ ಅಂತ ಕೇಳುತ್ತಾರೆ. ಕೇಳಿ ಸುಮ್ಮನಾಗುತ್ತಾರೆ. ನೀವು ಹೇಳಿದ್ದನ್ನು ತಿದ್ದುವುದಿಲ್ಲ. ನಿಮಗೆ ಇಂಥವರು ಯಾರಾದರೂ ಪರಿಚಯವಾ ಅಂತ ಕೇಳುತ್ತಾರೆ. ಆಮೇಲೆ ಮಾತು ನಿಮ್ಮ ಕಡೆಗೆ ಹೊರಳುತ್ತದೆ: ನೀವು ಎಲ್ಲರಂತೆ ಇಲ್ಲ ಅನ್ನುವ ಕಾರಣಕ್ಕೆ ಯಾರಾದರೂ ನಿಮ್ಮನ್ನು ಬೇರೆ ಥರ ನೋಡಿದ್ದುಂಟಾ? ಇಂಥ ಪ್ರಶ್ನೆಗೆ ಹೇಳಲು ಏನೂ ಇಲ್ಲದವರು ಕಡಿಮೆ. ದಪ್ಪಗಿದ್ದಿದ್ದು, ತೊದಲುತ್ತಿದ್ದದ್ದು, ಹೊಸ ಊರಿನ ಶಾಲೆಯಲ್ಲಿ ಒಂಟಿಯಾಗಿದ್ದದ್ದು, ಹೀಗೆ ಪ್ರತಿಯೊಬ್ಬರ ಹತ್ತಿರವೂ ಏನೋ ಒಂದು ಇರುತ್ತದೆ. ಬಂದವರೂ ತಮ್ಮ ಅನುಭವ ಹೇಳಿಕೊಳ್ಳುತ್ತಾರೆ. ಕೊನೆಗೆ ಮತ್ತೆ ಮೊದಲ ಪ್ರಶ್ನೆ: ಈಗ ಏನನಿಸುತ್ತದೆ?

ಅವಮಾನ ಅಂದರೆ ಏನು ಅಂತ ಬಾಗಿಲು ತೆರೆದವರಿಗೆ ಯಾರೂ ಪಾಠ ಮಾಡಲಿಲ್ಲ. ಅದು ಅವರಿಗೆ ಗೊತ್ತೇ ಇತ್ತು. ಎದುರಿನ ಗುಂಪಿನವರಿಗೂ ಆಗುತ್ತಿರುವುದು ಅದೇ ಅನ್ನುವುದು ಮಾತ್ರ ಹೊಸದಾಗಿ ಹೊಳೆಯಿತು, ಅದೂ ತಮ್ಮದೇ ಮಾತಿನ ನಡುವೆ.

2020ರಲ್ಲಿ ಕಲ್ಲಾ ಮತ್ತು ಬ್ರೂಕ್‌ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇದೇ ಭೇಟಿಯಲ್ಲಿ ಅನುಭವ ಹಂಚಿಕೊಳ್ಳುವ ಭಾಗ ತೆಗೆದು, ಬರೀ ವಾದ ಉಳಿಸಿ ನೋಡಿದರು. ಪರಿಣಾಮವೇ ಕಾಣಲಿಲ್ಲ. ಎರಡೂ ಕಡೆಯವರು ತೀರ್ಪು ಕೊಡದೆ ಒಬ್ಬರ ಮಾತನ್ನು ಒಬ್ಬರು ಕೇಳಿದಾಗ ಮಾತ್ರ ಮನಸ್ಸು ಕದಲಿತು. ಒಂದು ಮಾತು ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು. ಹತ್ತು ನಿಮಿಷದಲ್ಲಿ ಎಲ್ಲರೂ ಬದಲಾಗುವುದಿಲ್ಲ. ಹೆಚ್ಚಿನವರು ಅಲ್ಲೇ ಇರುತ್ತಾರೆ, ಕೆಲವರು ಸರಿಯುತ್ತಾರೆ. ಆ ಕೆಲವರೇ ನನಗೆ ದೊಡ್ಡ ವಿಷಯ ಅನಿಸುತ್ತದೆ.

ಜೊತೆಗಿದ್ದರೆ ಸಾಲದು, ಜೊತೆಗೆ ದುಡಿಯಬೇಕು

ಮಾತು ಒಂದು ದಾರಿ. ಇನ್ನೊಂದು ದಾರಿ ಒಡನಾಟ. 1954ರಲ್ಲಿ ಗೋರ್ಡನ್ ಆಲ್‌ಪೋರ್ಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಪೂರ್ವಗ್ರಹ ಕರಗಲು ಬೇರೆ ಬೇರೆ ಗುಂಪಿನವರು ಬೆರೆಯಬೇಕು ಅಂದರು. ಆದರೆ ಹೇಗೆಂದರೆ ಹಾಗೆ ಅಲ್ಲ. ಇಬ್ಬರಿಗೂ ಸಮಾನ ಸ್ಥಾನ ಇರಬೇಕು. ಇಬ್ಬರದೂ ಒಂದೇ ಗುರಿ ಆಗಿರಬೇಕು. ಕೂಡಿ ಕೆಲಸ ಮಾಡಬೇಕು. ಮೇಲಿನವರ, ಅಂದರೆ ಕಾನೂನು ಅಥವಾ ಸಂಸ್ಥೆಯ ಬೆಂಬಲ ಬೇಕು. ಮನೆಕೆಲಸದವರ ಜೊತೆ ಯಜಮಾನರಿಗೆ ದಿನವೂ ಒಡನಾಟ ಇರುತ್ತದೆ. ಅಷ್ಟರಿಂದಲೇ ಎಲ್ಲರ ಪೂರ್ವಗ್ರಹ ಕರಗಿದ್ದನ್ನು ಯಾರೂ ಕಂಡಿಲ್ಲ. ಸಮಾನತೆ ಇಲ್ಲದ ಕಡೆ ಹತ್ತಿರ ಇದ್ದೂ ದೂರವೇ.

ಅದೇ 1954ರ ಬೇಸಿಗೆಯಲ್ಲಿ ಮುಜಾಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ಒಕ್ಲಹೋಮಾದ ಒಂದು ಶಿಬಿರಕ್ಕೆ 22 ಹುಡುಗರನ್ನು ಕರೆದುಕೊಂಡು ಹೋದರು. ಎಲ್ಲರೂ ಹನ್ನೊಂದರ ಆಸುಪಾಸಿನವರು. ಎರಡು ಗುಂಪು ಮಾಡಿ ಸ್ಪರ್ಧೆಗೆ ಇಳಿಸಿದರು. ಕೆಲವೇ ದಿನಗಳಲ್ಲಿ ಬೈಗುಳ ಶುರುವಾಯಿತು, ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು, ಕೋಣೆಗೆ ನುಗ್ಗಿ ಚೆಲ್ಲಾಪಿಲ್ಲಿ ಮಾಡಿದರು. ಸರಿ, ಈಗ ಬೆರೆಸೋಣ ಅಂತ ಒಟ್ಟಿಗೆ ಊಟಕ್ಕೆ ಕೂರಿಸಿದರೆ ಊಟವನ್ನೇ ಎತ್ತಿ ಒಬ್ಬರ ಮೇಲೊಬ್ಬರು ಎಸೆದರು. ಬರೀ ಹತ್ತಿರ ಕೂರಿಸಿದ್ದರಿಂದ ಏನೂ ಆಗಲಿಲ್ಲ.

ಆಮೇಲೆ ಶಿಬಿರಕ್ಕೆ ನೀರು ನಿಂತುಹೋಯಿತು. ಸಂಶೋಧಕರೇ ನಿಲ್ಲಿಸಿದ್ದರು, ಹುಡುಗರಿಗೆ ಅದು ಗೊತ್ತಿರಲಿಲ್ಲ. ಎರಡೂ ಗುಂಪು ಸೇರಿ ಕೊಳಾಯಿಯ ದಾರಿ ಹಿಡಿದು ಹುಡುಕಿದರು. ಇನ್ನೊಂದು ಸಲ ಲಾರಿ ಸ್ಟಾರ್ಟ್ ಆಗಲಿಲ್ಲ. ಒಂದೇ ಹಗ್ಗಕ್ಕೆ ಎಲ್ಲರೂ ಕೈಹಾಕಿ ಎಳೆದರು. ಇಂಥ ಕೆಲಸಗಳು ಒಂದಾದ ಮೇಲೊಂದು ಬಂದ ಹಾಗೆ ಬೈಗುಳ ಕಡಿಮೆಯಾಯಿತು, ಆ ಗುಂಪು ಈ ಗುಂಪು ಅನ್ನದೆ ಗೆಳೆತನ ಹುಟ್ಟಿತು. ಮಕ್ಕಳಿಗೆ ತಿಳಿಸದೆ ಹೀಗೆ ಅವರೊಳಗೆ ಜಗಳ ಹಚ್ಚಿದ್ದು ತಪ್ಪು ಅಂತ ಈಗ ಟೀಕೆ ಇದೆ. ಆ ಟೀಕೆ ಸರಿಯಾದದ್ದೇ. ಆದರೂ ಊಟದ ಮೇಜಿಗೂ ಹಗ್ಗಕ್ಕೂ ಇದ್ದ ವ್ಯತ್ಯಾಸ ಮರೆಯುವಂಥದ್ದಲ್ಲ.

2006ರ ಹೊತ್ತಿಗೆ ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ ಇಂಥ 515 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಡನಾಟ ಜಾಸ್ತಿ ಇದ್ದಲ್ಲಿ ಪೂರ್ವಗ್ರಹ ಕಡಿಮೆ ಅನ್ನುವುದು ಗಟ್ಟಿಯಾಯಿತು. ಆಲ್‌ಪೋರ್ಟ್ ಹೇಳಿದ ನಾಲ್ಕೂ ಇದ್ದರೆ ಇನ್ನೂ ಚೆನ್ನ. ಅವರ ನಂತರದ ಲೆಕ್ಕದಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಒಡನಾಟದಿಂದ ಆ ಗುಂಪಿನ ಬಗ್ಗೆ ತಿಳಿವಳಿಕೆ ಹೆಚ್ಚುವುದು ನಿಜ, ಆದರೆ ಮನಸ್ಸು ಬದಲಾಗುವುದರಲ್ಲಿ ಅದರ ಪಾಲು ಸಣ್ಣದು. ದೊಡ್ಡ ಪಾಲು ಭಯ ಕಡಿಮೆಯಾಗುವುದರದ್ದು, ಅವರ ಜಾಗದಲ್ಲಿ ನಿಂತು ನೋಡಲು ಬರುವುದರದ್ದು.

ಇಷ್ಟಕ್ಕೇ ಎಲ್ಲ ಸರಿಹೋಗುತ್ತದೆ ಅಂತ ನಂಬಿ ಕೂರಬಾರದು. ಉತ್ತರ ಇರಾಕಿನಲ್ಲಿ ಐಸಿಸ್ ದಾಳಿಯಿಂದ ಮನೆ ಬಿಟ್ಟು ಓಡಿದ್ದ ಕ್ರೈಸ್ತರ ನಡುವೆ ಸಲ್ಮಾ ಮೂಸಾ ಎಂಬ ಸಂಶೋಧಕಿ ಫುಟ್‌ಬಾಲ್ ಪಂದ್ಯಾವಳಿ ನಡೆಸಿದರು. ಕೆಲವು ಕ್ರೈಸ್ತ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿದರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಿಶ್ರ ತಂಡದಲ್ಲಿ ಆಡಿದ ಕ್ರೈಸ್ತರು, ಉಳಿದ ಕ್ರೈಸ್ತರಿಗಿಂತ ಹೆಚ್ಚಾಗಿ, ಮುಂದಿನ ಸಲವೂ ಮಿಶ್ರ ತಂಡಕ್ಕೆ ಹೆಸರು ಕೊಟ್ಟರು, ತಿಂಗಳುಗಳ ನಂತರವೂ ಮುಸ್ಲಿಮರ ಜೊತೆ ಅಭ್ಯಾಸ ಮಾಡುತ್ತಿದ್ದರು, ಬೇರೆ ತಂಡದ ಮುಸ್ಲಿಂ ಆಟಗಾರರಿಗೂ ಪ್ರಶಸ್ತಿಗೆ ಮತ ಹಾಕಿದರು. ಆದರೆ ಮೈದಾನದ ಆಚೆಗೆ, ಅಪರಿಚಿತ ಮುಸ್ಲಿಮರ ಜೊತೆಗಿನ ನಡವಳಿಕೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಗೆಳೆಯನ ಮೇಲಿನ ನಂಬಿಕೆ ಅವನ ಜನರೆಲ್ಲರ ಮೇಲಿನ ನಂಬಿಕೆಯಾಗಿ ಬೆಳೆಯಲು ಇನ್ನೂ ಬೇಕಾದಷ್ಟು ದಾರಿ ಇದೆ. ಮನೆಮಠ ಕಳೆದುಕೊಂಡವರ ಹತ್ತಿರ ಅದನ್ನು ಬೇಗ ಆಗಲಿ ಅಂತ ಕೇಳುವ ಹಕ್ಕು ಯಾರಿಗೂ ಇಲ್ಲ.

ಒಬ್ಬಳ ಕಥೆ

ಅಂಕಿ-ಅಂಶದಲ್ಲಿ ಕಾಣದ್ದು ಒಬ್ಬರ ಬದುಕಿನಲ್ಲಿ ಕಾಣುತ್ತದೆ. ಮೇಗನ್ ಫೆಲ್ಪ್ಸ್-ರೋಪರ್ ಅಮೆರಿಕದ ಕಾನ್ಸಸ್‌ನ ವೆಸ್ಟ್‌ಬರೋ ಬ್ಯಾಪ್ಟಿಸ್ಟ್ ಚರ್ಚ್‌ನಲ್ಲಿ ಬೆಳೆದವರು. ಸ್ಥಾಪಿಸಿದ್ದು ಅವರ ಅಜ್ಜ. ಸೈನಿಕರ ಶವಸಂಸ್ಕಾರದ ಹತ್ತಿರ ನಿಂತು ದ್ವೇಷದ ಫಲಕ ಹಿಡಿಯುವುದಕ್ಕೆ ಹೆಸರಾದ ಚರ್ಚ್ ಅದು. ಮೇಗನ್ ಐದನೇ ವಯಸ್ಸಿಗೇ ಪ್ರತಿಭಟನೆಗಳಲ್ಲಿ ನಿಂತಿದ್ದರು. ದೊಡ್ಡವರಾದ ಮೇಲೆ ಚರ್ಚ್‌ನ ಪರವಾಗಿ ಟ್ವಿಟರ್‌ನಲ್ಲಿ ಬರೆಯತೊಡಗಿದರು.

ಬೈದವರು ಸಾವಿರ ಜನ. ಬೈಗುಳದಿಂದ ಮೇಗನ್ ಅಲುಗಲಿಲ್ಲ, ಜಗತ್ತು ನಮ್ಮನ್ನು ದ್ವೇಷಿಸುತ್ತದೆ ಅಂತ ಚರ್ಚ್ ಮೊದಲೇ ಹೇಳಿಕೊಟ್ಟಿತ್ತಲ್ಲ. ಅಲುಗಿಸಿದ್ದು ಬೇರೆ ಥರದವರು. ಡೇವಿಡ್ ಅಬಿಟ್‌ಬೋಲ್ ಎಂಬ ಯೆಹೂದಿ ಬರಹಗಾರರು ಮೊದಮೊದಲು ಜಗಳವಾಡಿದರೂ ಆಮೇಲೆ ಸೌಜನ್ಯದಿಂದ ಪ್ರಶ್ನೆ ಕೇಳುತ್ತ ಹೋದರು. ಪ್ರತಿಭಟನೆಯ ಜಾಗದಲ್ಲೇ ಭೇಟಿಯಾಗಿ ಮಾತಾಡಿದರು. ಚರ್ಚ್‌ನ ನಿಲುವುಗಳಲ್ಲಿ ಒಂದಕ್ಕೊಂದು ತಾಳೆಯಾಗದ ಒಂದು ಜಾಗವನ್ನು ತೋರಿಸಿದರು. ನೀವು ಸಲಿಂಗಿಗಳಿಗೆ ಮರಣದಂಡನೆ ಬೇಕು ಅನ್ನುತ್ತೀರಿ, ಆದರೆ ಪಾಪ ಮಾಡದವನು ಮೊದಲ ಕಲ್ಲು ಎಸೆಯಲಿ ಅಂದದ್ದು ಯೇಸುವೇ ಅಲ್ಲವಾ? ವಾದವೇನೋ ಸಣ್ಣದು. ಹೇಳಿದವರನ್ನು ನಂಬಲು ಆಗುತ್ತಿತ್ತು, ಅದಕ್ಕೇ ಅದು ಒಳಗೆ ಇಳಿಯಿತು. ಹಾಗಾಗಿ ವಾದವೇ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ನಂಬಿಕೆ ಮೊದಲು ಬರಬೇಕು, ವಾದ ಆಮೇಲೆ. 2012ರಲ್ಲಿ ಮೇಗನ್ ತಂಗಿಯ ಜೊತೆ ಚರ್ಚ್ ಬಿಟ್ಟು ಹೊರಬಂದರು. ಬೆಲೆ ಏನು ಅಂದರೆ ಅಪ್ಪ-ಅಮ್ಮ, ಮನೆ, ಹುಟ್ಟಿದಾಗಿನಿಂದ ಗೊತ್ತಿದ್ದ ಎಲ್ಲರೂ.

ದಯೆಗೂ ಒಂದು ಗಡಿ ಬೇಕು

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ನಾನು ಅನ್ಯಾಯ ಮಾಡಿದ ಹಾಗೆ. ಡ್ಯಾರಿಲ್ ಡೇವಿಸ್ ಎಂಬ ಕಪ್ಪು ಸಂಗೀತಗಾರ ಕಪ್ಪು ಜನರನ್ನು ದ್ವೇಷಿಸುವ ಕು ಕ್ಲಕ್ಸ್ ಕ್ಲಾನ್ ಎಂಬ ಸಂಘಟನೆಯ ಸದಸ್ಯರ ಜೊತೆ ವರ್ಷಗಟ್ಟಲೆ ಕೂತು ಮಾತಾಡಿದರು. ಹಲವರು ಆ ಸಂಘಟನೆ ಬಿಟ್ಟು, ಅದರ ಗುರುತಾಗಿದ್ದ ತಮ್ಮ ನಿಲುವಂಗಿಯನ್ನು ಅವರಿಗೇ ಕೊಟ್ಟರು. ಅವರ ಧೈರ್ಯ ದೊಡ್ಡದು. ಆದರೆ ಅದನ್ನು ತೋರಿಸಿ 'ನೀವೂ ಹಾಗೇ ಮಾಡಿ' ಅಂತ ಏಟು ತಿಂದವರಿಗೆ ಹೇಳುವುದು ಕ್ರೌರ್ಯ. ನೊಂದವರ ಮೇಲೆ ನೋಯಿಸಿದವರನ್ನು ತಿದ್ದುವ ಹೊರೆಯನ್ನೂ ಹಾಕಬಾರದು. ಆ ಹೊರೆ ಹೊರಬೇಕಾದವರು ನಡುವೆ ನಿಂತಿರುವವರು, ಅಂದರೆ ಏಟು ಬೀಳದವರು, ಆ ಕಡೆಯವರ ಜೊತೆ ಕೂತು ಮಾತಾಡಿದರೂ ಜೀವಕ್ಕೆ ಅಪಾಯ ಇಲ್ಲದವರು.

ಒಬ್ಬರ ಭಿನ್ನತೆಯನ್ನು ಒಪ್ಪುವುದು ಅಂದರೆ ಅವರು ಮಾಡಿದ್ದೆಲ್ಲ ಸರಿ ಅನ್ನುವುದೂ ಅಲ್ಲ. ನಿನ್ನ ನಂಬಿಕೆ, ಉಡುಪು, ಸಂಗಾತಿ ನಿನ್ನದು. ಇನ್ನೊಬ್ಬರ ಮೇಲೆ ಕೈ ಎತ್ತಿದರೆ ಮಾತ್ರ ಅದು ನಿನ್ನೊಬ್ಬನ ವಿಷಯ ಅಲ್ಲ. ಅಲ್ಲಿ ಕಾನೂನು ಬೇಕು, ದೂರ ಬೇಕು, ಬಾಗಿಲು ಹಾಕುವ ಹಕ್ಕು ಬೇಕು.

ಇನ್ನು ದಿನನಿತ್ಯದ ದಯೆಯ ವಿಷಯ. ಅದು ಹುಟ್ಟಿನಿಂದ ಕೆಲವರಿಗೆ ಬಂದ ಗುಣ ಅಂತ ನಾವು ಭಾವಿಸುತ್ತೇವೆ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಬೇರೆಯದನ್ನೇ ಹೇಳುತ್ತದೆ. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳಿಗೆ ಪಕ್ಕದ ಕಟ್ಟಡಕ್ಕೆ ಹೋಗಿ ಭಾಷಣ ಮಾಡಲು ಹೇಳಿದ್ದರು. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ನರಳುತ್ತಿದ್ದ. ಅವಸರ ಇಲ್ಲದವರಲ್ಲಿ ಶೇ. 63 ಮಂದಿ ಸಹಾಯ ಮಾಡಿದರು. ತಡವಾಗಿದೆ, ಓಡು ಅಂತ ಹೇಳಿ ಕಳಿಸಿದವರಲ್ಲಿ ಶೇ. 10 ಮಾತ್ರ. ಕೆಲವರು ಹೊರಟಿದ್ದು ದಾರಿಹೋಕನಿಗೆ ನೆರವಾದ ಬೈಬಲ್ ಕಥೆಯ ಬಗ್ಗೆಯೇ ಮಾತಾಡಲು! ಅವರ ಮನಸ್ಸು ಕಲ್ಲಾಗಿರಲಿಲ್ಲ, ಅವರಿಗೆ ಹೊತ್ತಾಗಿತ್ತು. ಮಾತಾಡುವುದಕ್ಕೂ ಇದು ಅನ್ವಯಿಸುತ್ತದೆ. ಇಬ್ಬರಿಗೂ ಪುರುಸೊತ್ತಿಲ್ಲದಾಗ, ಹತ್ತು ಜನ ನೋಡುತ್ತಿರುವಾಗ ಇಂಥ ವಿಷಯ ಎತ್ತಿದರೆ ಸೋಲುವುದು ಖಚಿತ. ಇಬ್ಬರೇ ಇರುವಾಗ, ನಡೆಯುತ್ತಲೋ ಪಾತ್ರೆ ತೊಳೆಯುತ್ತಲೋ ಇರುವಾಗ ಎತ್ತಿ ನೋಡಿ.

ಬದಲಾವಣೆ ಶುರುವಾದಾಗ ಅದು ಸೋಲೊಪ್ಪಿಕೊಂಡ ಹಾಗೆ ಕಾಣುವುದಿಲ್ಲ. ನಿನ್ನೆ ಜೋರಾಗಿ ಹೇಳಿದ್ದನ್ನು ಇವತ್ತು ಮೆಲ್ಲಗೆ ಹೇಳುತ್ತಾರೆ. 'ಎಲ್ಲರೂ ಹಾಗೇ' ಅನ್ನುತ್ತಿದ್ದವರು 'ಕೆಲವರು ಹಾಗೆ' ಅನ್ನುತ್ತಾರೆ. ಒಂದು ವಾರ ಬಿಟ್ಟು ಮತ್ತೆ ಹಳೆಯ ಮಾತನ್ನೇ ಆಡಬಹುದು, ಅದೂ ಸಹಜ. ಈ ಹೊತ್ತಿನಲ್ಲಿ 'ನಾನು ಆಗಲೇ ಹೇಳಿರಲಿಲ್ವಾ' ಅಂದರೆ ಅವರು ಬಂದ ದಾರಿಯಲ್ಲೇ ವಾಪಸ್ ಹೋಗುತ್ತಾರೆ. ಹಳೆಯ ಮಾತು ಮತ್ತೆ ಬಂದರೆ ಒಮ್ಮೆ, ಇಬ್ಬರೇ ಇದ್ದಾಗ, ಅದು ನನಗೆ ಸರಿ ಕಾಣಲಿಲ್ಲ ಅಂತ ಹೇಳಿ. ಆಮೇಲೆ ಬೇರೆ ಮಾತು ಮುಂದುವರಿಸಿ.